ಕಾಶವ್ವನ ಕೊರಳಿನ ಬುಟ್ಟಿ

ಕಾಶವ್ವನ ಕೊರಳು ನಿಂತದ್ದು ಬೆಳಗಿನ ಪೂಜೆಯ ನಡುವೆ. ಎಡ ಅಂಗೈಯಲ್ಲಿ ಲಿಂಗವಿತ್ತು. ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ‘ಓಂ ನಮಃ’ ಎಂದಳು. ಮುಂದಿನದನ್ನು ಹೇಳುವಷ್ಟರಲ್ಲಿ ಅವಳ ಕೊರಳಿನಿಂದ ಬೇರೆ ಯಾರೋ ಮಾತಾಡಿದರು.

“ಕ್ಷಮಿಸಿ. ಕಣಜದಲ್ಲಿ ನಿಮ್ಮ ಪಾಲು ತುಂಬಿದೆ. ದಯವಿಟ್ಟು ಜಾಗ ಖಾಲಿ ಮಾಡಿ.”

ಎಳೆಯ ಹುಡುಗಿಯ ದನಿ. ಬಿಸಿಲಿಗೆ ಹೋಗದ, ಯಾರ ಮೇಲೂ ಸಿಟ್ಟಾಗದ ದನಿ. ಕಾಶವ್ವ ಮತ್ತೊಮ್ಮೆ ತುಟಿ ಅಲ್ಲಾಡಿಸಿದಳು. ಮತ್ತೊಮ್ಮೆ ಅದೇ ಹುಡುಗಿ ಕ್ಷಮೆ ಕೇಳಿದಳು. ಅಂಗೈಯಲ್ಲಿದ್ದ ದೇವರ ಮುಂದೆ ತನ್ನ ಬಾಯಿಂದಲೇ ಇನ್ನೊಬ್ಬರ ಮಾತು ಹೊರಟದ್ದನ್ನು ಕೇಳಿ ಕಾಶವ್ವ ಲಿಂಗವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಹೆದರಿಕೆಯಿಂದಲ್ಲ.

ಹುಣಸಿಕೊಪ್ಪದ ನೇಕಾರ ಓಣಿಯಲ್ಲಿ ಕುಪ್ಪಸದ ಖಣ ನೇಯುತ್ತ, ಹಾಡುತ್ತ ಬದುಕಿದ ಹೆಂಗಸು ಅವಳು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಹಾಡಿಗೆ ಕಾಶವ್ವನೇ ಬೇಕು. ಗಂಟಲಿನ ಗಡ್ಡೆಗೆಂದು ಡಾಕ್ಟರು ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ ಮೇಲೆ ಕೊರಳಿಗೊಂದು ಪಟ್ಟಿ ಕೊಟ್ಟರು. ತುಟಿಯ, ನಾಲಿಗೆಯ, ಗಂಟಲಿನ ನರಗಳ ಚಲನೆಯನ್ನು ಓದಿಕೊಂಡು ಆ ಪಟ್ಟಿ ಅವಳದೇ ಹಳೆಯ ದನಿಯಲ್ಲಿ ಮಾತಾಡುತ್ತಿತ್ತು. ಹಾಗೆ ಮಾತಾಡಲು ಅದಕ್ಕೆ ಎರಡು ಬೇಕು. ಒಂದು, ಹಳೆಯ ದನಿಯ ಧ್ವನಿಮುದ್ರಣ. ಇನ್ನೊಂದು, ಕಣಜದಲ್ಲಿ ಅವಳ ಪಾಲಿನಲ್ಲಿ ಒಂದಿಷ್ಟು ಖಾಲಿ ಜಾಗ. ಆಡಿದ ಪ್ರತಿ ಮಾತಿನ ಗುರುತನ್ನೂ ಪಟ್ಟಿ ಅಲ್ಲಿ ಇಟ್ಟುಬರುತ್ತಿತ್ತು, ಆ ಗುರುತಿನ ಮೇಲೆ ಮುಂದಿನ ಮಾತು ನಿಲ್ಲುತ್ತಿತ್ತು.

ಕಣಜ ಎಂದರೆ ಹಿಂದೆ ಜನ ಕ್ಲೌಡ್ ಎನ್ನುತ್ತಿದ್ದದ್ದೇ. ಕಾಶವ್ವನ ಕಾಲಕ್ಕೆ ಫೋನಿನಲ್ಲಾಗಲಿ ಮನೆಯಲ್ಲಾಗಲಿ ಏನನ್ನೂ ಉಳಿಸಿಕೊಳ್ಳಲು ಬರುತ್ತಿರಲಿಲ್ಲ. ಫೋನು ಬರಿಯ ಕಿಟಕಿಯಾಗಿತ್ತು. ಮನೆಯ ಹಕ್ಕಿನ ಉತಾರ, ರೇಷನ್ನಿನ ಹೆಬ್ಬೆಟ್ಟು, ಮಕ್ಕಳ ಹಾಜರಿ, ಸತ್ತವರ ಚಿತ್ರ ಎಲ್ಲ ಇದ್ದದ್ದು ಕಣಜ ನಡೆಸುವ ಕಂಪನಿಯ ಯಂತ್ರಗಳಲ್ಲಿ. ಹುಟ್ಟಿದ ಪ್ರತಿಯೊಬ್ಬರಿಗೂ ಅಲ್ಲಿ ಒಂದು ಪಾಲು. ಪಾಲು ತುಂಬಿದರೆ ಹೊಸದೇನೂ ಒಳಗೆ ಹೋಗುವುದಿಲ್ಲ.

ತನ್ನ ದನಿಯನ್ನು ತಾನೇ ಮುದ್ರಿಸಿ ಇಟ್ಟುಕೊಳ್ಳುವ ಚಟ ಕಾಶವ್ವನಿಗಿರಲಿಲ್ಲ. ಪಟ್ಟಿ ಬಂದಾಗ ಓಣಿಯ ಹೆಂಗಸರು ತಮ್ಮ ತಮ್ಮ ಪಾಲನ್ನು ಜಾಲಾಡಿದರು. ಒಬ್ಬಳ ಮಗನ ಮದುವೆಯಲ್ಲಿ ಹಾಡಿದ ಸೋಬಾನೆ, ಇನ್ನೊಬ್ಬಳ ಮನೆಯಲ್ಲಿ ಅಕ್ಕಿ ಆರಿಸುತ್ತ ಆಡಿದ ಚೇಷ್ಟೆ ಹೀಗೆ ಸಿಕ್ಕಿದ್ದೆಲ್ಲವನ್ನೂ ಒಂದು ಹಂಚಿಕೆಯ ಫೋಲ್ಡರಿಗೆ ಹಾಕಿದರು. ಅದಕ್ಕೆ ‘ಕಾಶವ್ವನ ಕೊರಳು’ ಎಂದು ಹೆಸರಿಟ್ಟರು. ಬಾಯಲ್ಲಿ ಮಾತ್ರ ಎಲ್ಲರೂ ಬುಟ್ಟಿ ಎನ್ನುತ್ತಿದ್ದರು. ಆ ಬುಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದದ, ಎಲ್ಲಕ್ಕಿಂತ ಸ್ವಚ್ಛ ದನಿಯ ಹಾಡು ದ್ಯಾಮವ್ವ ಕೊಟ್ಟದ್ದು. ಅವಳ ಮಗಳ ನಾಮಕರಣದ ತೊಟ್ಟಿಲ ಹಾಡು. ದ್ಯಾಮವ್ವ ಪಕ್ಕದ ಮನೆಯವಳು, ಕಾಶವ್ವನಿಗೆ ಬಾಲ್ಯದ ಗೆಳತಿ.

ನಮ್ಮ ಕಡೆ ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಮಾಡಿದ ಪಲ್ಯ ಇಲ್ಲದಿದ್ದರೆ ಚಿಟಿಕೆ ಸಕ್ಕರೆ, ಅದೂ ಇಲ್ಲದಿದ್ದರೆ ನಾಲ್ಕು ಕಾಳು ಜೋಳ ಹಾಕಿಯೇ ಕೊಡುತ್ತಾರೆ. ಬುಟ್ಟಿಗೂ ಹೆಂಗಸರು ಹಾಗೆಯೇ ನಡೆದುಕೊಂಡರು. ತೆರೆದು ಒಂದು ಹಾಡು ಕೇಳಿದವರು ತಮ್ಮದೂ ಏನಾದರೊಂದನ್ನು ಹಾಕದೆ ಮುಚ್ಚಲಿಲ್ಲ. ಮೊಮ್ಮಗಳ ಕುಣಿತ ಬಂತು, ಅತ್ತೆ ಹೇಳಿದ ಕಥೆ ಬಂತು. ಕಾಶವ್ವನ ದನಿಯ ಪಕ್ಕದಲ್ಲಿ ಇಡುವುದಾದರೆ ತನ್ನಲ್ಲಿರುವ ಒಳ್ಳೆಯದನ್ನೇ ಇಡಬೇಕೆಂದು ದ್ಯಾಮವ್ವ ತೀರಿಹೋದ ಗಂಡ ಅಡಿವೆಪ್ಪನ ಚಿತ್ರವನ್ನು ತನ್ನ ಪಾಲಿನಿಂದ ತೆಗೆದು ಬುಟ್ಟಿಗೆ ಇಟ್ಟಳು. ಸುತ್ತ ನಡೆದು ನೋಡುವಂಥ ಚಿತ್ರ. ತೆರೆದರೆ ಆತ ಅಂಗಳದಲ್ಲಿ ಎದ್ದು ನಿಲ್ಲುತ್ತಿದ್ದ, ಟವೆಲು ಕೊಡವುತ್ತಿದ್ದ, ‘ಏ ಇಕಿನ, ಬುತ್ತಿ ಎಲ್ಲೈತಿ’ ಎಂದು ಕರೆಯುತ್ತಿದ್ದ. ಅವನದೆಂದು ಉಳಿದಿದ್ದ ಚಿತ್ರ ಅದೊಂದೇ.

ಈಗ, ಮೂರು ವರ್ಷ ಸರಿಯಾಗಿ ನಡೆದ ಕೊರಳು, ಬರುವ ಸೋಮವಾರ ತಮ್ಮನ ಮಗನ ನಾಮಕರಣ ಇರುವಾಗ ನಿಂತುಬಿಟ್ಟಿತ್ತು. ತಮ್ಮ ಗುಂಡಪ್ಪನಿಗೆ ಬಹಳ ಕಾಲದ ಮೇಲೆ ಹುಟ್ಟಿದ ಕೂಸು. ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ‘ಕುರ್‌ರ್’ ಎಂದು ಕೂಗಿ ಅವಳು ಹೆಸರು ಹೇಳುತ್ತಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಕಾಶವ್ವ ಈಗ ತೊಟ್ಟಿಲಿಗೆ ಬಾಗಿ ಬಾಯಿ ತೆರೆದರೆ ಆ ಕೂಸಿನ ಕಿವಿಗೆ ಬೀಳುವ ಮೊದಲ ಮಾತು ಏನೆಂದು ಎಲ್ಲರಿಗೂ ಗೊತ್ತಿತ್ತು.

ಸುದ್ದಿ ಕೇಳಿ ಹೆಂಗಸರು ಮಗ್ಗದ ಪಡಸಾಲೆಯಲ್ಲಿ ಸೇರಿದರು.

“ಬುಟ್ಟಿ ಭಾರ ಆಗೇತಿ ಅಷ್ಟ,” ಎಂದಳು ದ್ಯಾಮವ್ವ. “ಹೊರೆ ಭಾರ ಆದ್ರ ಏನ್ ಮಾಡ್ತೀವಿ? ಇನ್ನ ನಾಕ್ ಮಂದೀನ ಕರದು ಕೈ ಹಚ್ಚಸ್ತೀವಿ. ಈ ಓಣಿ, ಮ್ಯಾಲಿನ ಓಣಿ ಎಲ್ಲಾರ್ನೂ ಬುಟ್ಟಿಗೆ ಸೇರಸ್ರಿ. ಹಂಚಿ ಹೊತ್ರ ಹಗರ ಆಗತೈತಿ.”

ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಸಂಜೆಯೊಳಗೆ ಊರಿಗೆ ಊರೇ ಬುಟ್ಟಿಯೊಳಗೆ ಬಂತು. ಬಂದವರು ಬರಿಗೈಯಲ್ಲಿ ಬರಲಿಲ್ಲ.

ಮರುದಿನ ರೇಷನ್ ಅಂಗಡಿಯಲ್ಲಿ ಯಾರ ಹೆಬ್ಬೆಟ್ಟನ್ನೂ ಯಂತ್ರ ತೆಗೆದುಕೊಳ್ಳಲಿಲ್ಲ. ಶಾಲೆಯ ಹಾಜರಿ ಏರಲಿಲ್ಲ. ಬಾಣಂತಿಯ ಚುಚ್ಚುಮದ್ದು ಬರೆದುಕೊಳ್ಳಲು ಜಾಗವಿಲ್ಲವೆಂದು ನರ್ಸು ಅವಳನ್ನು ಹಿಂದಕ್ಕೆ ಕಳಿಸಿದಳು. ಊರಿನ ಪ್ರತಿ ಫೋನಿನಿಂದಲೂ ಆ ಹುಡುಗಿ ಕ್ಷಮೆ ಕೇಳತೊಡಗಿದಳು.

ಕಾಶವ್ವ ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಬರೆದಳು: ಕಣಜದವರನ ನೋಡಬೇಕು ನಡಿ.

*

ಜಿಲ್ಲಾ ಕೇಂದ್ರದ ಕಣಜ ಕಚೇರಿಯಲ್ಲಿ ಗೋಡೆಯಷ್ಟು ಅಗಲದ ಪರದೆಯಿತ್ತು. ಊರುಗಳೆಲ್ಲ ಅದರ ಮೇಲೆ ಕಾಳುಗಳಂತೆ ಹಸಿರಾಗಿ ಮಿನುಗುತ್ತಿದ್ದವು. ಹುಣಸಿಕೊಪ್ಪ ಮಾತ್ರ ಕೆಂಪಾಗಿತ್ತು. ಪರದೆಯ ಕೆಳಗೆ ಕುಳಿತಿದ್ದ ಎಂಜಿನಿಯರ್ ಮುಮ್ತಾಜ್ ನದಾಫ್ ಬೆಳಗಿನಿಂದ ಅದನ್ನೇ ನೋಡುತ್ತಿದ್ದಳು.

ಒಳಗೆ ಬಂದ ಇಬ್ಬರು ಹೆಂಗಸರಿಗೆ ಅವಳು ಕುರ್ಚಿ ಕೊಟ್ಟಳು. ಮೇಲಧಿಕಾರಿ ಕುಲಕರ್ಣಿ ತನ್ನ ಮೇಜಿನಿಂದಲೇ ಕೇಳಿದ, “ಏನಾಗೇದ ಹೇಳ್ರಿ.”

ಕಾಶವ್ವ ಬಾಯಿ ತೆರೆದಳು. “ಕ್ಷಮಿಸಿ. ಕಣಜದಲ್ಲಿ ನಿಮ್ಮ ಪಾಲು ತುಂಬಿದೆ.”

“ಕೇಳಿದ್ರೆಲ್ಲ,” ಎಂದಳು ದ್ಯಾಮವ್ವ. “ಇದ ಆಗೇತಿ.”

ಮುಮ್ತಾಜ್ ಬುಟ್ಟಿಯನ್ನು ಪರದೆಯ ಮೇಲೆ ತೆರೆದು ತೋರಿಸಿದಳು. “ಯವ್ವಾ, ನೀವು ಮಂದೀನ ಸೇರ್ಸಿದ್ರ ಭಾರ ಹಂಚೂದಿಲ್ಲ. ಹಂಚಿಕೆಯ ಫೋಲ್ಡರ್ ಎಷ್ಟ ದೊಡ್ಡದ ಐತಿ, ಅಷ್ಟೂ ಒಳಗಿದ್ದ ಒಬ್ಬೊಬ್ಬರ ಪಾಲಿನಾಗೂ ಪೂರಾ ಪೂರಾ ಲೆಕ್ಕ ಹಿಡೀತಾರ. ನಿಮ್ಮ ಪಾಲಿನಾಗ ಇಡೀ ಬುಟ್ಟಿ, ಇವರ ಪಾಲಿನಾಗೂ ಇಡೀ ಬುಟ್ಟಿ.”

“ಅಂದ್ರ ಒಳಗ ಅಷ್ಟ ಬುಟ್ಟಿ ಇಟ್ಟೀರೇನು, ಊರಿಗೆ ಊರಷ್ಟು?”

ಮುಮ್ತಾಜ್ ಕುಲಕರ್ಣಿಯತ್ತ ನೋಡಿದಳು. ಆತ ಚಹಾ ಕುಡಿಯುತ್ತಿದ್ದ. “ಇಲ್ಲ,” ಎಂದಳು. “ಇರೂದು ಒಂದ.”

 ದ್ಯಾಮವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಸಾಹೇಬರ, ನಮ್ಮೂರ ಮಠದಾಗ ಒಂದ ಹಂಡೆ ಸಾರು ಕಾಸ್ತಾರ. ಪಂಕ್ತಿಯಾಗ ಕುಂತು ಊರ ಉಣ್ಣತೈತಿ. ಎದ್ದು ಹೋಗೂ ಒಬ್ಬೊಬ್ಬರ್ನೂ ಹಿಡದು, ನೀ ಇಡೀ ಹಂಡೆ ಉಂಡೀದಿ, ನಿನ್ನ ಹೊಟ್ಟಿ ತುಂಬೇತಿ, ನಾಳಿಗೆ ನಿನಗ ಕೂಳಿಲ್ಲ ಅಂತ ಸ್ವಾಮಿಗೋಳು ಅಂದ್ರ ಅವರನ ಮಠದಾಗ ಇಟ್ಕೋತೀವೇನು?”

“ಮಠದ ಮಾತು ಬ್ಯಾರೆ,” ಎಂದ ಕುಲಕರ್ಣಿ. ಅವನ ದನಿಯಲ್ಲಿ ಒರಟುತನವಿರಲಿಲ್ಲ. ಅದೇ ದ್ಯಾಮವ್ವನಿಗೆ ಇನ್ನಷ್ಟು ಉರಿ ಹತ್ತಿಸಿತು. “ಬುಟ್ಟಿ ತೆಗಿಯೋ ಹಕ್ಕು ಎಲ್ಲಾರಿಗೂ ಅದ. ಹಕ್ಕು ಅದ ಅಂದ್ಮ್ಯಾಲ ಲೆಕ್ಕಾನೂ ಇರತದ. ನಿಯಮ ಎಲ್ಲಾರಿಗೂ ಒಂದ. ದೊಡ್ಡ ಪಾಲು ಬೇಕಂದ್ರ ಒಬ್ಬೊಬ್ಬರೂ ಅರ್ಜಿ ಹಾಕ್ರಿ, ಮುಂದಿನ ತಿಂಗಳು ನೋಡೋಣು.”

“ಸೋಮಾರ ಕೂಸಿನ ಹೆಸರು ಇಡೂದೈತ್ರಿ.”

“ಬ್ಯಾರೆ ಯಾರರೆ ಹೇಳ್ರಿ ಹೆಸರು. ಕೂಸಿಗೇನ್ ತಿಳೀತದ?”

ಕಾಶವ್ವ ಎದ್ದು ನಿಂತಳು. ಮೇಜಿನ ಹತ್ತಿರ ಹೋಗಿ, ಎರಡೂ ಕೈಯೂರಿ, ಅವನ ಮುಖಕ್ಕೆ ಮುಖವಿಟ್ಟು ಮಾತಾಡಿದಳು. ಎದೆಯ ತಳದಿಂದ ಬಂದ ಮಾತು. ಕೊರಳಿನ ನರಗಳು ಹುರಿಯಾದವು, ಕಣ್ಣು ಕೆಂಪಾದವು. ಅವಳು ಬೈದಳೋ ಶಪಿಸಿದಳೋ ಶಿವನೇ ಬಲ್ಲ. ಹೊರಗೆ ಬಂದದ್ದು ಮಾತ್ರ, “ಕ್ಷಮಿಸಿ. ದಯವಿಟ್ಟು ಜಾಗ ಖಾಲಿ ಮಾಡಿ. ಕ್ಷಮಿಸಿ. ದಯವಿಟ್ಟು.”

ಮನುಷ್ಯರ ಸಿಟ್ಟನ್ನು ಅಡಗಿಸಿದ ರಾಜರ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಸಿಟ್ಟಾದವರ ಬಾಯಿಂದಲೇ ಕ್ಷಮೆ ಕೇಳಿಸುವ ರಾಜ ಅವರ ಕಥೆಗಳಲ್ಲೂ ಇರಲಿಲ್ಲ. ಕುಲಕರ್ಣಿ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿ, “ಇರಲಿ ಬಿಡ್ರಿ,” ಎಂದ.

*

ಮುಮ್ತಾಜ್ ಅವರ ಹಿಂದೆಯೇ ಬಸ್ ನಿಲ್ದಾಣಕ್ಕೆ ಬಂದಳು.

“ಲೆಕ್ಕ ತಿದ್ದೂದು ನನ್ನ ಕೈಯಾಗಿಲ್ಲ ಯವ್ವಾ. ಕೇಳಿ ನೋಡೀನಿ. ಹಿಂಗ ಹಿಡದ್ರನ ಪಾಲು ಬೇಗ ತುಂಬತೈತಿ, ತುಂಬಿದ್ರನ ಮಂದಿ ದೊಡ್ಡ ಪಾಲು ಕೇಳ್ತಾರ ಅಂತ ಮ್ಯಾಲಿನವರಿಗೆ ಗೊತ್ತೈತಿ.”

“ನಾವೆಲ್ಲಾ ಬುಟ್ಟಿಯಿಂದ ಹೊರಗ ಬಂದ್ರ?” ದ್ಯಾಮವ್ವ ಕೇಳಿದಳು.

“ಬಂದವರ ಪಾಲು ಹಗರ ಆಗತೈತಿ. ಆದ್ರ ಅವರು ಹಾಕಿದ್ದೆಲ್ಲಾ ಅವರ ಜೋಡಿನ ಹೊಕ್ಕೈತಿ. ಇವರ ಹಾಡು ನೀವು ನೀವ ಹಾಕಿದ್ದಲ್ಲೇನು? ನೀವು ಹೊರಗ ಬಂದ್ರ ಇವರ ಕೊರಳ ಹೋತು. ಅದರಾಗೂ ನಿಮ್ಮ ತೊಟ್ಟಿಲ ಹಾಡಿನ ಮ್ಯಾಲ ಇವರ ದನಿ ನಿಂತೈತಿ. ಅದನ್ನ ತಗದ್ರ ಪಟ್ಟಿ ಬರೇ ಪಟ್ಟಿ.”

“ಹಾಡು ಬ್ಯಾರೆ ಕಡೆ ನಕಲು ಮಾಡಿ ಇಟ್ರ?”

“ಇಡಾಕ ಜಾಗ ಎಲ್ಲೈತಿ? ಎಲ್ಲಾರ ಪಾಲೂ ತುಂಬೇತಿ. ಜಾಗ ಇದ್ರೂ ಬುಟ್ಟಿಯಾಗಿನದು ನಕಲು ಆಗೂದಿಲ್ಲ, ಹಾಕಿದವರ ಜೋಡಿನ ಹೊರಗ ಬರಬೇಕು.” ಮುಮ್ತಾಜ್ ಕಣ್ಣು ತಗ್ಗಿಸಿದಳು. “ಒಂದ ದಾರಿ. ಹಾಡು ಹಾಕಿದವರು ಯಾರೂ ಹೊರಗ ಬರಬ್ಯಾಡ್ರಿ. ಹಾಡು ಬಿಟ್ಟು, ಉಳದದ್ದನ್ನ ಯಾರ್ಯಾರು ಹಾಕೀರಿ ಅವರವರ ಅಳಸಬೇಕು. ಅಳಸಿದ್ದು ಕಸದ ಡಬ್ಬಿಗೆ ಹೊಕ್ಕೈತಿ. ಅದರ ಲೆಕ್ಕಾನೂ ಪಾಲಿನಾಗ ಐತಿ. ಅದನ್ನೂ ಖಾಲಿ ಮಾಡಬೇಕು. ಆಮ್ಯಾಲ ಹೊಳ್ಳಿ ಬರೂದಿಲ್ಲ.”

ಬಸ್ಸು ಬಂತು. ಹತ್ತುವಾಗ ದ್ಯಾಮವ್ವ ಹಿಂದಿರುಗಿ ಕೇಳಿದಳು, “ನಿನಗ ಅವ್ವ ಅದಾಳೇನ್ ತಂಗಿ?”

“ಇಲ್ರೀ.”

“ಅಕಿ ದನಿ ಎಲ್ಲಿಟ್ಟೀದಿ?”

 ಮುಮ್ತಾಜ್ ಇಟ್ಟದ್ದೂ ಕಣಜದಲ್ಲಿಯೇ.

*

ಭಾನುವಾರ ಮಧ್ಯಾಹ್ನ ಊರಿನ ಹೆಂಗಸರೆಲ್ಲ ಗುಂಡಪ್ಪನ ಅಂಗಳದಲ್ಲಿ ಕುಳಿತರು. ಹಾಡು ಹಾಕದೆ ಹೊಸದಾಗಿ ಸೇರಿದ್ದವರು ಮೊದಲು ತಮ್ಮದನ್ನು ತೆಗೆದುಕೊಂಡು ಹೊರಬಂದರು. ಅದು ಸುಲಭವಿತ್ತು. ಆಮೇಲೆ ನೇಕಾರ ಓಣಿಯವರ ಸರದಿ ಬಂತು.

ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ಯಾರೂ ಹೇಳಿಕೊಡದಿದ್ದರೂ ಒಂದು ರೀತಿ ತಾನಾಗಿ ಹುಟ್ಟಿಕೊಂಡಿತು. ಅಳಿಸುವ ಮೊದಲು ಅದರಲ್ಲಿ ಏನಿದೆ ಎಂದು ಪ್ರತಿಯೊಬ್ಬಳೂ ಗಟ್ಟಿಯಾಗಿ ಹೇಳಿದಳು, ಉಳಿದವರು ಕೇಳಿದರು.

“ಇದು ನಮ್ಮತ್ತಿ ಹೇಳಿದ ಕಥಿ. ಏಳು ಮಂದಿ ಅಣ್ಣತಮ್ಮಂದ್ರು, ಒಬ್ಬಾಕಿ ತಂಗಿ. ಕಥಿ ನಿಮಗ ಗೊತ್ತೈತಿ. ನಡುವ ಅಕಿ ಕೆಮ್ಮತಿದ್ಲು, ಅದನ್ನ ನೆನಪಿಟ್ಕೊಳ್ರಿ,” ಎಂದಳೊಬ್ಬಳು.

“ಇದು ನನ್ನ ಮೊಮ್ಮಗಳು ಕುಣಿಯೂದು. ಈಗ ಅಕಿಗೆ ಮೀಸಿ ಬರೂವಂಥಾ ಮಗ ಅದಾನ,” ಎಂದಳು ಇನ್ನೊಬ್ಬಳು. ಒಂದಿಬ್ಬರು ನಕ್ಕರು. ನಗು ಬೇಗ ಆರಿತು.

ಪ್ರತಿ ಸಲವೂ ಫೋನು ನಯವಾಗಿ ಕೇಳುತ್ತಿತ್ತು: “ಕಸದ ಡಬ್ಬಿಯನ್ನು ಖಾಲಿ ಮಾಡಲೇ?”

“ಕಸ ಅಂತ,” ಎಂದಳು ದ್ಯಾಮವ್ವ. “ನಮ್ಮ ಕೈಲೇ ಅಳಸಸ್ತಾರ. ಆಮ್ಯಾಲ ಕಸ ಅಂತ ಕರೀತಾರ.”

ಕೊನೆಗೆ ಬುಟ್ಟಿಯಲ್ಲಿ ಹಾಡುಗಳು ಉಳಿದವು, ಅಡಿವೆಪ್ಪ ಉಳಿದ. ಫೋನು ಇನ್ನೂ ಕೆಂಪಾಗಿಯೇ ಇತ್ತು. ಸುತ್ತ ನಡೆದು ನೋಡುವ ಚಿತ್ರ ಎಲ್ಲಕ್ಕಿಂತ ದೊಡ್ಡದು. ಹೆಂಗಸರು ದ್ಯಾಮವ್ವನ ಮುಖ ನೋಡಲಾರದೆ ಕೈಬಳೆ ತಿರುವುತ್ತ ಕುಳಿತರು.

ಕಾಶವ್ವ ಬಂದು ಅವಳ ಮುಂಗೈ ಹಿಡಿದಳು. ಬಾಯಿ ತೆರೆದರೆ ಆ ಹುಡುಗಿ ಮಾತಾಡುತ್ತಾಳೆಂದು ತುಟಿ ಬಿಗಿಹಿಡಿದು, ಬೇಡವೆಂದು ತಲೆಯಾಡಿಸಿದಳು. ಹೊರಗೆ ಹೋಗು, ಅವನನ್ನು ಕರೆದುಕೊಂಡು ಹೋಗು ಎಂದು ಬಾಗಿಲ ಕಡೆ ಕೈ ತೋರಿಸಿದಳು.

“ಕೈ ಬಿಡು ಕಾಶಿ.”

ಕಾಶವ್ವ ಬಿಡಲಿಲ್ಲ.

“ಬಿಡು ಅಂದ್ನಿ. ನಿನ್ನ ಮ್ಯಾಲಿನ ಪ್ರೀತೀಲೆ ಮಾಡಾಕತ್ತಿಲ್ಲ ನಾ. ಸಿಟ್ಟಿನಲೆ ಮಾಡಾಕತ್ತೀನಿ. ನಾಳೆ ಆ ಕೂಸಿನ ಕಿವ್ಯಾಗ ಅವರ ಮಾತು ಬೀಳಬಾರದು. ಅಷ್ಟ.”

ಅವಳು ಚಿತ್ರವನ್ನು ತೆರೆದಳು. ಅಂಗಳದ ಬಿಸಿಲಿನಲ್ಲಿ ಅಡಿವೆಪ್ಪ ಎದ್ದು ನಿಂತ. ಟವೆಲು ಕೊಡವಿದ. ದ್ಯಾಮವ್ವ ಎದ್ದು ಅವನ ಸುತ್ತ ಒಂದು ಸುತ್ತು ಬಂದಳು, ಗುಡಿಯಲ್ಲಿ ಬರುವಂತೆ, ಅವಸರವಿಲ್ಲದೆ. ಉಳಿದವರೆಲ್ಲ ಹೇಳಿದಂತೆ ತಾನೂ ಹೇಳಬೇಕಿತ್ತು. ಗಂಡನ ಹೆಸರನ್ನು ಅವಳು ಯಾವತ್ತೂ ಬಾಯಲ್ಲಿ ಆಡಿದವಳಲ್ಲ.

“ಇವರು ನಮ್ಮ ಮನಿಯವರು,” ಎಂದಳು. “ಎಡಗಿವಿ ಸ್ವಲ್ಪ ಹರದೈತಿ ನೋಡ್ರಿ, ಹೋರಿ ತಿವಿದಿತ್ತು. ನೆನಪಿಟ್ಕೊಳ್ರಿ.”

‘ಏ ಇಕಿನ, ಬುತ್ತಿ ಎಲ್ಲೈತಿ’ ಎಂದ ಅಡಿವೆಪ್ಪ. ದ್ಯಾಮವ್ವ ಒತ್ತಿದಳು. ಫೋನು ಕಸದ ಮಾತು ಕೇಳಿತು. ಮತ್ತೆ ಒತ್ತಿದಳು. ಬಿಸಿಲು ಬಿಸಿಲಾಗಿಯೇ ಇತ್ತು.

*

ಕಚೇರಿಯ ಪರದೆಯ ಮೇಲೆ ಹುಣಸಿಕೊಪ್ಪ ಹಸಿರಾಯಿತು. ಕುಲಕರ್ಣಿ ಸಮಾಧಾನದಿಂದ ಕುರ್ಚಿಗೆ ಬೆನ್ನು ಆನಿಸಿದ.

“ನೋಡಿದ್ರೇನು ನದಾಫ್? ಅವರ ಸರಿ ಮಾಡ್ಕೊಂಡ್ರು. ಬ್ಯಾಡಾದ್ದನ್ನ ಜನ ತುಂಬಿಟ್ಕೊಂಡಿರ್ತಾರ. ಸಮಸ್ಯೆ ಬಗೆಹರಿದದ ಅಂತ ಬರದುಬಿಡ್ರಿ.”

ಏನೇನು ಅಳಿಸಿಹೋಯಿತೆಂದು ಮುಮ್ತಾಜಳ ಪರದೆಯಲ್ಲಿ ಒಂದೊಂದಾಗಿ ಮೂಡಿ ಮಾಯವಾಗುತ್ತಿತ್ತು. ಕೊನೆಯದು ದೊಡ್ಡದಿತ್ತು.

“ಬರಿಯೂದಿಲ್ರೀ,” ಎಂದಳು.

“ಏನು?”

“ಬಗೆಹರಿದೈತಿ ಅಂತ ನಾ ಬರಿಯೂದಿಲ್ಲ. ಬೇಕಾದ್ರ ನೀವು ಬರಕೊಳ್ರಿ.”

ಕುಲಕರ್ಣಿ ಅವಳನ್ನು ನೋಡಿದ. ಆಮೇಲೆ ತಾನೇ ಎದ್ದು ಬಂದು ಬರೆದ. ಅದಕ್ಕೆ ಅವನಿಗೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.

*

ಸೋಮವಾರ ತೊಟ್ಟಿಲು ಕಟ್ಟಿದರು. ಬಾಣಂತಿ ಶೋಭಾ ಮೊದಲೇ ಗಂಡನ ಅಕ್ಕ ಕಾಶವ್ವನಿಗೆ ಹೇಳಿಟ್ಟಿದ್ದಳು: “ವಿಹಾನ್ ಅಂತ ರೀ ಅಕ್ಕಾರ. ಮರೀಬ್ಯಾಡ್ರಿ.” ಹೆಂಗಸರು ಕೈಯೆತ್ತಿಕೊಂಡು ಕಾಶವ್ವನ ಹಿಂದೆ ನಿಂತರು. ದ್ಯಾಮವ್ವ ವಿಧವೆಯಾದ್ದರಿಂದ ಬಾಗಿಲ ಹೊರಗೆ ಉಳಿದಿದ್ದಳು. ಕಾಶವ್ವ ಹೋಗಿ ಅವಳ ರಟ್ಟೆ ಹಿಡಿದು ಒಳಗೆ ಎಳೆದು ತಂದಳು. ಯಾರೋ ಹಿರಿಯಳು ಏನೋ ಅನ್ನಲು ಹೋಗಿ ಕಾಶವ್ವನ ಮುಖ ನೋಡಿ ದಾರಿ ಬಿಟ್ಟಳು.

ಬೆಳಗಿನಿಂದ ಕಾಶವ್ವ ಒಂದು ಮಾತೂ ಆಡಿರಲಿಲ್ಲ. ಪೂಜೆಯನ್ನೂ ಮನಸ್ಸಿನಲ್ಲೇ ಮಾಡಿದ್ದಳು. ಮೊದಲ ಮಾತು ಈ ಕಿವಿಗೇ ಎಂದು ಇಟ್ಟುಕೊಂಡಿದ್ದಳು. ಪಟ್ಟಿ ಕೈಕೊಟ್ಟರೆ ಇಲ್ಲಿಯೇ ಕೈಕೊಡಬೇಕು.

ತೊಟ್ಟಿಲಿಗೆ ಬಾಗಿದಳು. 

“ಕುರ್‌ರ್‌ರ್...”

ಅವಳದೇ ದನಿ. ಸ್ವಲ್ಪ ಒಡಕು, ಸ್ವಲ್ಪ ಜೇನು, ತೊಟ್ಟಿಲ ಹಾಡಿನ ದನಿ. ಕೂಸು ಕಣ್ಣರಳಿಸಿತು. ಕಿವಿಯಲ್ಲಿ ಅವಳು ಏನೋ ಹೇಳಿದಳು. ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅಡಿವೆಪ್ಪ.”

ಶೋಭಾ ಬೆಚ್ಚಿದಳು. “ಅಕ್ಕಾರ, ವಿಹಾನ್ ಅಂತ...”

“ಕಿವ್ಯಾಗ ಬಿದ್ದದ್ದು ಬಿತ್ತು,” ಎಂದ ಗುಂಡಪ್ಪ ಮೆಲ್ಲಗೆ. “ಅಳಸಾಕ ಬರೂದಿಲ್ಲ.”

ಮೊದಲ ಗುದ್ದು ಬಿದ್ದದ್ದು ದ್ಯಾಮವ್ವನದು. ಆಟದ ಗುದ್ದಲ್ಲ. ಎರಡನೆಯದು, ಮೂರನೆಯದು. ಕಾಶವ್ವ ಬೆನ್ನು ಕೊಟ್ಟು ನಿಂತಳು. ಉಳಿದ ಹೆಂಗಸರು ಎತ್ತಿದ ಕೈಯನ್ನು ಎತ್ತಿದಂತೆಯೇ ಹಿಡಿದುಕೊಂಡರು.

“ಯಾಕ ಹಿಂಗ ಮಾಡಿದಿ ಕಾಶಿ? ಯಾಕ?”

“ಬರೇ ಪಾತ್ರಿ ಹೊಳ್ಳಿ ಕೊಡಾಕ ನನ್ನ ಕೈ ಏಳೂದಿಲ್ಲ.”

ದ್ಯಾಮವ್ವನ ಕೈ ನಿಂತಿತು. ಅವಳು ತೊಟ್ಟಿಲೊಳಗೆ ಇಣುಕಿದಳು.

“ಆ ಹೆಸರ ನನ್ನ ಬಾಯಾಗ ಬರೂದಿಲ್ಲ. ಏನಂತ ಕರೀಲಿ ಇದನ್ನ?”

“ಕರಿಯೂದು ನಂದು,” ಎಂದಳು ಕಾಶವ್ವ. “ನೀ ಕೇಳು.”